ಸೇನೆಯಲ್ಲಿರುವ ಮಗ ವಿಮೆ ಬೇಡವೆಂದರೆ

ಓದುಗರ ಪ್ರಶ್ನೆಗಳಿಗೆ ಉತ್ತರ: ಕುಟುಂಬದ ಹಣಕಾಸು

ಈ ಸಂಚಿಕೆಗೆ ಆರಿಸಿಕೊಂಡ ಮೂರು ಪತ್ರಗಳೂ ಉತ್ತರ ಕನ್ನಡ ಜಿಲ್ಲೆಯವು. ಮೂರರಲ್ಲಿಯೂ ಕೇಳಿರುವುದು ಒಂದೇ ವಿಷಯ: ಸಂಬಳದಿಂದ ತಾನಾಗಿಯೇ ಕಡಿತವಾಗುವ ವಿಮೆಯನ್ನು ನಿಲ್ಲಿಸಬಹುದೇ, ನಿಲ್ಲಿಸುವುದು ಸರಿಯೇ ಎಂಬುದು. ಮೊದಲನೆಯ ಪತ್ರಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ, ಏಕೆಂದರೆ ನಿಜವಾದ ಆಯ್ಕೆ ಇರುವುದು ಆ ಮನೆಯವರ ಮುಂದೆ ಮಾತ್ರ.

ಪ್ರಶ್ನೆ: ನಾವು ಶಿರಸಿ ತಾಲ್ಲೂಕಿನ ಅಡಿಕೆ ಕೃಷಿಕರು. ಒಬ್ಬನೇ ಮಗ 2018ರಲ್ಲಿ ಎಂ.ಎಸ್. ಓದಲು ಅಮೆರಿಕಕ್ಕೆ ಹೋದ. ಅದಕ್ಕಾಗಿ ತೆಗೆದ ಶಿಕ್ಷಣ ಸಾಲಕ್ಕೆ ಶಿರಸಿ ಪೇಟೆಯಲ್ಲಿ ಕಟ್ಟಿಸಿದ್ದ ಮನೆಯನ್ನು ಅಡವಿಟ್ಟು, ನಾನೂ ಸಹ-ಸಾಲಗಾರನಾಗಿ ಸಹಿ ಹಾಕಿದ್ದೇನೆ. ಕಂತನ್ನು ಮಗನೇ ಕಟ್ಟುತ್ತಿದ್ದಾನೆ. ಇನ್ನೂ ಹದಿನಾಲ್ಕು ಲಕ್ಷ ರೂಪಾಯಿ ಬಾಕಿ ಇದೆ. ಅಲ್ಲಿಯೇ ಹುಟ್ಟಿ ಬೆಳೆದ, ಮೂಲತಃ ನಮ್ಮ ಕಡೆಯವರ ಮಗಳನ್ನೇ ಮದುವೆಯಾದ. ಗ್ರೀನ್ ಕಾರ್ಡ್ ಬಂದ ಮೇಲೆ, ನಮಗೆ ಮೊದಲು ಹೇಳದೆ, ಕಳೆದ ವರ್ಷ ಅಮೆರಿಕದ ಭೂಸೇನೆಗೆ ಸೇರಿದ. ಸೊಸೆ ಆಸ್ಪತ್ರೆಯಲ್ಲಿ ನರ್ಸ್, ಅವನಿಗಿಂತ ಹೆಚ್ಚು ಸಂಬಳ ಪಡೆಯುತ್ತಾಳೆ. ಮಕ್ಕಳಿಲ್ಲ. ಸೇನೆಯ ಜೀವವಿಮೆಗೆಂದು ಅವನ ಸಂಬಳದಿಂದ ತಿಂಗಳಿಗೆ 26 ಡಾಲರ್ ಕಡಿತವಾಗುತ್ತದೆಯಂತೆ. "ನನ್ನನ್ನೇ ನಂಬಿಕೊಂಡವರು ಯಾರೂ ಇಲ್ಲ, ಊರಿನಿಂದ ಹೊರಡುವಾಗ ಮಾಡಿಸಿದ ಒಂದು ಕೋಟಿಯ ಟರ್ಮ್ ಪಾಲಿಸಿ ಇದ್ದೇ ಇದೆ, ಇದನ್ನು ಬೇಡವೆಂದು ಬರೆದುಕೊಟ್ಟು ಆ ಹಣವನ್ನು ಷೇರಿನಲ್ಲಿ ಹಾಕುತ್ತೇನೆ" ಎಂದು ಫೋನಿನಲ್ಲಿ ಹೇಳಿದ. ಪಕ್ಕದಲ್ಲಿದ್ದ ಅವನ ತಾಯಿ "ಬಿಡ್ತು ಅನ್ನು" ಎಂದು ಎದ್ದು ಒಳಗೆ ಹೋದಳು, ಮಾತು ಅಲ್ಲಿಗೇ ನಿಂತಿತು. ಅವನಿಗೆ ಏನು ಹೇಳಲಿ? ಹೇಳುವ ಹಕ್ಕಾದರೂ ನನಗಿದೆಯೇ?
– ಒಬ್ಬ ತಂದೆ, ಶಿರಸಿ

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ವಿಮೆ ಇರಬೇಕೋ ಬೇಡವೋ ಎಂಬ ನಿರ್ಧಾರ ಕಾನೂನಿನ ಪ್ರಕಾರ ಪೂರ್ತಿಯಾಗಿ ನಿಮ್ಮ ಮಗನದು. ಅದಕ್ಕೆ ನಿಮ್ಮ ಒಪ್ಪಿಗೆಯೂ ಬೇಕಿಲ್ಲ, ಅವನ ಹೆಂಡತಿಯ ಒಪ್ಪಿಗೆಯೂ ಬೇಕಿಲ್ಲ. ಆದರೆ ಅವನ ಸಾಲದ ಕಾಗದದ ಮೇಲೆ ನಿಮ್ಮ ಸಹಿ ಇರುವಷ್ಟು ಕಾಲ ಈ ವಿಷಯದಲ್ಲಿ ಮಾತನಾಡುವ ಹಕ್ಕು ನಿಮಗೆ ಖಂಡಿತವಾಗಿಯೂ ಇದೆ. ನನ್ನ ಅಭಿಪ್ರಾಯದಲ್ಲಿ ಅದು ನಿಮ್ಮ ಕರ್ತವ್ಯವೂ ಹೌದು.

ನಿಮ್ಮ ಮಗ ಹೇಳುತ್ತಿರುವ ವಿಮೆಯ ಹೆಸರು ಸರ್ವಿಸ್‌ಮೆಂಬರ್ಸ್ ಗ್ರೂಪ್ ಲೈಫ್ ಇನ್ಶೂರೆನ್ಸ್. ಅಲ್ಲಿನವರು ಅದನ್ನು ಎಸ್‌ಜಿಎಲ್‌ಐ ಎಂದು ಕರೆಯುತ್ತಾರೆ. 1965ರಲ್ಲಿ, ವಿಯೆಟ್ನಾಂ ಯುದ್ಧದ ಕಾಲದಲ್ಲಿ, ಅದು ಆರಂಭವಾಯಿತು. ಯುದ್ಧಕ್ಕೆ ಹೋಗುವವನ ಜೀವಕ್ಕೆ ವಿಮೆ ಕೊಡಲು ಖಾಸಗಿ ಕಂಪನಿಗಳು ಹಿಂಜರಿಯುತ್ತಿದ್ದುದೂ, ಕೊಟ್ಟರೂ ಯುದ್ಧದಲ್ಲಿ ಸಂಭವಿಸಿದ ಸಾವಿಗೆ ಹಣವಿಲ್ಲವೆಂಬ ಷರತ್ತನ್ನು ಸೇರಿಸುತ್ತಿದ್ದುದೂ ಅದಕ್ಕೆ ಕಾರಣ. ಆಗ ಗರಿಷ್ಠ ಮೊತ್ತ 10,000 ಡಾಲರ್ ಇತ್ತು. 2023ರ ಮಾರ್ಚ್ 1ರಿಂದ ಅದು 5,00,000 ಡಾಲರ್ ಆಗಿದೆ. ಸೇನೆಗೆ ಸೇರಿದ ದಿನದಿಂದಲೇ, ಅರ್ಜಿ ಹಾಕದೆ, ವೈದ್ಯಕೀಯ ಪರೀಕ್ಷೆಯ ಪ್ರಶ್ನೆಗಳಿಲ್ಲದೆ, ಪೂರ್ತಿ ಮೊತ್ತದ ರಕ್ಷಣೆ ತಾನಾಗಿ ಆರಂಭವಾಗುತ್ತದೆ. ಬೇಡವೆನ್ನುವವರು ಅಥವಾ ಕಡಿಮೆ ಸಾಕೆನ್ನುವವರು ಮಾತ್ರ ಆನ್‌ಲೈನ್ ವ್ಯವಸ್ಥೆಯಲ್ಲಿ ಹಾಗೆಂದು ದಾಖಲಿಸಬೇಕು. 2025ರ ಜುಲೈ 1ರಿಂದ ಪ್ರತಿ 1,000 ಡಾಲರಿಗೆ ತಿಂಗಳಿಗೆ 5 ಸೆಂಟ್ ದರವಿದೆ. ಆ ಲೆಕ್ಕದಲ್ಲಿ ಪೂರ್ತಿ ಮೊತ್ತಕ್ಕೆ 25 ಡಾಲರ್ ಆಗುತ್ತದೆ. ಉಳಿದ 1 ಡಾಲರ್ ಬೇರೆಯೇ ಒಂದು ರಕ್ಷಣೆಗೆ ಹೋಗುತ್ತದೆ, ಅದನ್ನು ಮುಂದೆ ಹೇಳುತ್ತೇನೆ. ಡಾಲರಿಗೆ 85 ರೂಪಾಯಿಯಂತೆ ಲೆಕ್ಕ ಹಾಕಿದರೆ ತಿಂಗಳಿಗೆ 2,210 ರೂಪಾಯಿ ಕೊಟ್ಟು ನಾಲ್ಕೂಕಾಲು ಕೋಟಿ ರೂಪಾಯಿಯ ರಕ್ಷಣೆ ಪಡೆದಂತಾಯಿತು. ವಯಸ್ಸು ಇಪ್ಪತ್ತಿರಲಿ ನಲವತ್ತೈದಿರಲಿ, ಕೆಲಸ ಕಚೇರಿಯಲ್ಲಿರಲಿ ಯುದ್ಧಭೂಮಿಯಲ್ಲಿರಲಿ, ಎಲ್ಲರಿಗೂ ಒಂದೇ ದರ. ದೇಶದ್ರೋಹ, ಬೇಹುಗಾರಿಕೆ, ದಂಗೆ, ಸೇನೆಯಿಂದ ಪಲಾಯನ ಮುಂತಾದ ಬೆರಳೆಣಿಕೆಯ ಕಾರಣಗಳನ್ನು ಬಿಟ್ಟರೆ, ಸಾವು ಎಲ್ಲಿ ಹೇಗೆ ಬಂದರೂ ಹಣ ಸಲ್ಲುತ್ತದೆ. ಯುದ್ಧವೂ ಅದರಲ್ಲಿ ಸೇರಿದೆ.

ಈಗ ನಿಮ್ಮ ಮಗನ ಮೂರು ಮಾತುಗಳನ್ನು ನೋಡೋಣ. ತನ್ನನ್ನು ನಂಬಿಕೊಂಡವರು ಯಾರೂ ಇಲ್ಲ ಎಂಬುದು ಮೊದಲನೆಯದು, ಮತ್ತು ನನಗೆ ಅತ್ಯಂತ ಕಳವಳ ತಂದದ್ದೂ ಅದೇ. ಮೂವತ್ತರ ಆಸುಪಾಸಿನ ದುಡಿಯುವ ಗಂಡುಮಕ್ಕಳು ಅವಲಂಬಿತರನ್ನು ಎಣಿಸುವಾಗ ತಮ್ಮ ಮನೆಯಲ್ಲಿ ಉಣ್ಣುವವರನ್ನಷ್ಟೇ ಎಣಿಸುತ್ತಾರೆ. ಎಣಿಸಬೇಕಾದದ್ದು ತಮ್ಮ ದುಡಿಮೆ ನಿಂತರೆ ಯಾರ ಮನೆಯ ಬಾಗಿಲಿಗೆ ನೋಟೀಸು ಬರುತ್ತದೆ ಎಂಬುದನ್ನು. ಕಾರವಾರದ ವಿಮಾ ಶಾಖೆಯೊಂದರಲ್ಲಿ ಮರಣದ ಕ್ಲೇಮುಗಳ ಮೇಜಿನಲ್ಲಿ ನಾನು ಹಲವು ವರ್ಷ ಕುಳಿತಿದ್ದೆ. ಅಂಕೋಲಾ ಕಡೆಯ ಒಬ್ಬ ತಂದೆ ಮಗನ ಪಾಲಿಸಿಯ ಬಾಂಡನ್ನು ಪಂಚೆಯ ತುಂಡಿನಲ್ಲಿ ಸುತ್ತಿಕೊಂಡು ತಂದದ್ದು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಮಗ ವ್ಯಾಪಾರಿ ಹಡಗಿನಲ್ಲಿ ಕೆಲಸಕ್ಕಿದ್ದ, ಮದುವೆಯಾಗಿರಲಿಲ್ಲ. ತನಗೇಕೆ ವಿಮೆ ಎಂದು ಎರಡನೆಯ ವರ್ಷವೇ ಕಂತು ನಿಲ್ಲಿಸಿದ್ದ. ಪಾಲಿಸಿ ಲ್ಯಾಪ್ಸ್ ಆಗಿತ್ತು, ಕೊಡಲು ಏನೂ ಇರಲಿಲ್ಲ. ಆದರೆ ಅವನ ತರಬೇತಿಯ ಶುಲ್ಕಕ್ಕೆ ತೆಗೆದ ಸಾಲಕ್ಕೆ ತಂದೆಯ ಸಹಿ ಇತ್ತು, ಅದು ಲ್ಯಾಪ್ಸ್ ಆಗಿರಲಿಲ್ಲ. ಆ ವೃದ್ಧರಿಗೆ ಅದನ್ನು ವಿವರಿಸಿ ಹೇಳುವಾಗ ನನ್ನ ಗಂಟಲು ಕಟ್ಟಿತ್ತು.

ನಿಮ್ಮ ಸಾಲದ ಸ್ಥಿತಿಯೂ ಅದೇ. ನಮ್ಮ ಬ್ಯಾಂಕುಗಳ ಶಿಕ್ಷಣ ಸಾಲದಲ್ಲಿ, ವಿಶೇಷವಾಗಿ ಏಳೂವರೆ ಲಕ್ಷ ಮೀರಿ ಅಡಮಾನ ಪಡೆದ ಸಾಲದಲ್ಲಿ, ವಿದ್ಯಾರ್ಥಿ ಇಲ್ಲವಾದರೆ ಸಾಲ ಇಲ್ಲವಾಗುವುದಿಲ್ಲ. ಸಹ-ಸಾಲಗಾರನು ಅದನ್ನು ತೀರಿಸಬೇಕು, ತೀರದಿದ್ದರೆ ಅಡವಿಟ್ಟ ಆಸ್ತಿಯ ಮೇಲೆ ಕ್ರಮವಾಗುತ್ತದೆ. ಸಾಲ ಮಂಜೂರಾದಾಗ ಅದರ ಜೊತೆಗೆ ಸಾಲದ ಮೊತ್ತಕ್ಕೆ ವಿಮೆ ಮಾಡಿಸಿದ್ದರೆ ಮಾತ್ರ ಕಥೆ ಬೇರೆ. ಮಂಜೂರಾತಿ ಪತ್ರವನ್ನು ಹೊರತೆಗೆದು ನೋಡಿ. ಹಲವರು ಆ ವಿಮೆಗೆ ಒಂದೇ ಕಂತಿನಲ್ಲಿ ಹಣ ಕೊಟ್ಟಿರುತ್ತಾರೆ ಮತ್ತು ಅದನ್ನು ಮರೆತಿರುತ್ತಾರೆ. ಇದ್ದರೆ ನೆಮ್ಮದಿ, ಇಲ್ಲದಿದ್ದರೆ ಹದಿನಾಲ್ಕು ಲಕ್ಷದ ಮಟ್ಟಿಗೆ ನೀವೂ ನಿಮ್ಮ ಪತ್ನಿಯೂ ನಿಮ್ಮ ಮಗನ ಅವಲಂಬಿತರೇ. ತೋಟದ ಆದಾಯದಿಂದ ಕಟ್ಟಬಹುದಲ್ಲ ಎಂದು ನೀವು ಅಂದುಕೊಂಡಿದ್ದರೆ, ಕೊಳೆ ರೋಗ ಬಂದ ವರ್ಷದ ಲೆಕ್ಕವನ್ನು ಒಮ್ಮೆ ನೆನಪಿಸಿಕೊಳ್ಳಿ ಎಂದಷ್ಟೇ ಹೇಳಬಲ್ಲೆ.

ಎರಡನೆಯ ಮಾತು ಊರಿನಲ್ಲಿ ಮಾಡಿಸಿದ ಒಂದು ಕೋಟಿಯ ಟರ್ಮ್ ಪಾಲಿಸಿಯದು, ಅಂದರೆ ನಿಗದಿತ ಅವಧಿಯೊಳಗೆ ಸಾವು ಬಂದರೆ ಮಾತ್ರ ಹಣ ಕೊಡುವ ವಿಮೆಯದು. ಅದು ಚಾಲ್ತಿಯಲ್ಲಿದ್ದರೆ ಬಹಳ ಒಳ್ಳೆಯದು. ಯಾವ ಕಾರಣಕ್ಕೂ ಅದನ್ನು ನಿಲ್ಲಿಸಬಾರದು. ಆದರೆ ಅದನ್ನು ನಂಬಿ ಇನ್ನೊಂದನ್ನು ಬಿಡುವ ಮೊದಲು ನೋಡಬೇಕಾದ ಸಂಗತಿಗಳಿವೆ. ಅವನು ಅದನ್ನು ತೆಗೆದುಕೊಂಡಾಗ ವಿದ್ಯಾರ್ಥಿಯಾಗಿದ್ದ. ಈಗ ವಿದೇಶದ ಸೈನಿಕ. ನಮ್ಮ 1938ರ ವಿಮಾ ಕಾಯಿದೆಯ 45ನೆಯ ಕಲಮಿನ ಪ್ರಕಾರ, ಮೂರು ವರ್ಷ ಪೂರೈಸಿದ ಜೀವವಿಮಾ ಪಾಲಿಸಿಯನ್ನು ಕಂಪನಿಯು ಯಾವುದೇ ಆಧಾರದ ಮೇಲೆ ಪ್ರಶ್ನಿಸುವಂತಿಲ್ಲ. 2015ರ ತಿದ್ದುಪಡಿ ಈ ರಕ್ಷಣೆಯನ್ನು ಗಟ್ಟಿಗೊಳಿಸಿದೆ. ಆದರೆ ಪಾಲಿಸಿಯನ್ನು ಪ್ರಶ್ನಿಸುವುದು ಬೇರೆ, ಪಾಲಿಸಿಯಲ್ಲೇ ಬರೆದಿರುವ ಷರತ್ತನ್ನು ಅನ್ವಯಿಸುವುದು ಬೇರೆ. ಅಪಘಾತ ಮರಣದ ಹೆಚ್ಚುವರಿ ಸೌಲಭ್ಯ, ಅಂದರೆ ರೈಡರ್, ಇದ್ದರೆ ಅದರಲ್ಲಿ ಯುದ್ಧ ಮತ್ತು ಸೈನಿಕ ಕರ್ತವ್ಯವನ್ನು ಸಾಮಾನ್ಯವಾಗಿ ಹೊರಗಿಟ್ಟಿರುತ್ತಾರೆ. ಮೂಲ ಪಾಲಿಸಿಯಲ್ಲಿ ಉದ್ಯೋಗ ಬದಲಾದರೆ ಅಥವಾ ವಾಸದ ದೇಶ ಬದಲಾದರೆ ತಿಳಿಸಬೇಕೆಂಬ ಷರತ್ತು ಇದೆಯೇ ಎಂಬುದನ್ನು ಅವನು ಕಂಪನಿಗೆ ಲಿಖಿತವಾಗಿ ಕೇಳಿ, ಲಿಖಿತ ಉತ್ತರವನ್ನೇ ಪಡೆಯಬೇಕು. ಏಜೆಂಟರು ಫೋನಿನಲ್ಲಿ "ಏನೂ ತೊಂದರೆ ಇಲ್ಲ" ಎಂದ ಮಾತಿಗೆ ಕ್ಲೇಮಿನ ಮೇಜಿನಲ್ಲಿ ಬೆಲೆ ಇಲ್ಲ. ಆ ಉತ್ತರದ ಪ್ರತಿ ನಿಮ್ಮ ಬಳಿಯೂ ಒಂದಿರಲಿ.

ಮೂರನೆಯದು ಷೇರಿನ ಮಾತು. ವರ್ಷಕ್ಕೆ 312 ಡಾಲರಿನಂತೆ ಹತ್ತು ವರ್ಷ ಹೂಡಿದರೆ ಹಾಕಿದ ಅಸಲು 3,120 ಡಾಲರ್. ಅದು ಎರಡು ಪಟ್ಟಾದರೂ 6,240 ಆಗುತ್ತದೆ. ಉಳಿತಾಯ ಬೇಕೇ ಬೇಕು, ಆದರೆ ಅದು ವರ್ಷಗಳನ್ನು ಕೇಳುತ್ತದೆ. ವಿಮೆ ಮೊದಲ ತಿಂಗಳ ಕಡಿತದಿಂದಲೇ ಪೂರ್ತಿ ಮೊತ್ತಕ್ಕೆ ನಿಲ್ಲುತ್ತದೆ. ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯುವ ಖರ್ಚನ್ನು ಉಳಿಸಿ ಬ್ಯಾಂಕಿನಲ್ಲಿಟ್ಟರೆ ಮುಂದಿನ ಮಳೆಗಾಲದಲ್ಲಿ ಕೊಳೆಗೆ ಅದು ಔಷಧವಾಗುವುದಿಲ್ಲ ಎಂಬುದನ್ನು ನಿಮಗಿಂತ ಚೆನ್ನಾಗಿ ಬಲ್ಲವರು ಯಾರು? ಮಗನಿಗೆ ನೀವೇ ಈ ಮಾತನ್ನು ಹೇಳಿದರೆ, ನಾನು ಅಂಕಿಗಳಲ್ಲಿ ಹೇಳುವುದಕ್ಕಿಂತ ಬೇಗ ಅವನಿಗೆ ಅರ್ಥವಾಗುತ್ತದೆ.

ಇಷ್ಟಕ್ಕೇ ನಿಲ್ಲುವ ವಿಷಯ ಇದಲ್ಲ. ಎಸ್‌ಜಿಎಲ್‌ಐ ಬೇಡವೆಂದರೆ ಅದೊಂದೇ ಹೋಗುವುದಿಲ್ಲ, ಅದಕ್ಕೆ ಅಂಟಿಕೊಂಡ ಮೂರು ರಕ್ಷಣೆಗಳೂ ಹೋಗುತ್ತವೆ, ಮತ್ತು ಯುವಕರು ಸಾಮಾನ್ಯವಾಗಿ ಗಮನಿಸದೆ ಹೋಗುವುದು ಇದನ್ನೇ. ಮೇಲೆ ಹೇಳಿದ 1 ಡಾಲರಿನ ರಕ್ಷಣೆ ತೀವ್ರ ಗಾಯಕ್ಕೆ ಸಂಬಂಧಿಸಿದ್ದು. ಕೈಕಾಲು, ದೃಷ್ಟಿ, ಶ್ರವಣ ಕಳೆದುಕೊಂಡಂಥ ಸಂದರ್ಭಗಳಲ್ಲಿ, ಅದು ಕರ್ತವ್ಯದಲ್ಲಿರುವಾಗ ಆಗಿರಲಿ ರಜೆಯಲ್ಲಿ ರಸ್ತೆ ಅಪಘಾತದಲ್ಲಿ ಆಗಿರಲಿ, 25,000ದಿಂದ 1,00,000 ಡಾಲರಿನವರೆಗೆ ಬದುಕಿರುವ ಸೈನಿಕನಿಗೇ ಸಿಗುತ್ತದೆ. ಇದನ್ನು ಮಾತ್ರ ಉಳಿಸಿಕೊಂಡು ಜೀವವಿಮೆಯನ್ನು ಬಿಡಲು ಬರುವುದಿಲ್ಲ. ಹಾಗೆಯೇ ಕುಟುಂಬದ ವಿಮೆ: ಹೆಂಡತಿಯ ಜೀವಕ್ಕೆ 1,00,000 ಡಾಲರಿನವರೆಗೆ, ಮುಂದೆ ಮಗು ಹುಟ್ಟಿದರೆ ಮಗುವಿಗೆ 10,000 ಡಾಲರ್ ಯಾವ ಪ್ರತ್ಯೇಕ ಶುಲ್ಕವೂ ಇಲ್ಲದೆ. ಸೈನಿಕನದೇ ವಿಮೆ ಇಲ್ಲವಾದಾಗ ಇವೂ ಇಲ್ಲ. ಮೂರನೆಯದು ಸೇವೆ ಬಿಟ್ಟ ಮೇಲಿನದು. ಬಿಡುಗಡೆಯಾದ ಮೇಲೆ 120 ದಿನ ಕಂತಿಲ್ಲದೆಯೇ ರಕ್ಷಣೆ ಮುಂದುವರಿಯುತ್ತದೆ. ಬಿಡುಗಡೆಯಾದ ದಿನದಿಂದ ಒಂದು ವರ್ಷ 120 ದಿನಗಳೊಳಗೆ ಅದನ್ನು ಮಾಜಿ ಸೈನಿಕರ ಗುಂಪು ವಿಮೆಯಾದ ವಿಜಿಎಲ್‌ಐಗೆ ಬದಲಾಯಿಸಿಕೊಳ್ಳಬಹುದು, ಮತ್ತು ಮೊದಲ 240 ದಿನಗಳಲ್ಲಿ ಅರ್ಜಿ ಹಾಕಿದರೆ ಆರೋಗ್ಯದ ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ. ಸೇವೆಯಲ್ಲಿ ಮೈಗೆ ಅಂಟಿದ ಕಾಯಿಲೆಯೋ ಮನಸ್ಸಿಗೆ ತಾಗಿದ ಗಾಯವೋ ಇದ್ದು, ಹೊರಗಿನ ಯಾವ ಕಂಪನಿಯೂ ವಿಮೆ ಕೊಡದ ಸ್ಥಿತಿಯಲ್ಲಿರುವವರಿಗೆ ಇದು ಎಷ್ಟು ದೊಡ್ಡ ಆಸರೆ ಎಂಬುದನ್ನು ಆರೋಗ್ಯವಂತ ಮೂವತ್ತರ ಹರೆಯದಲ್ಲಿ ಊಹಿಸುವುದು ಕಷ್ಟ. ಸೇವೆಯಲ್ಲಿದ್ದಾಗ ಎಷ್ಟು ವಿಮೆ ಇತ್ತೋ ಅಷ್ಟಕ್ಕೆ ಮಾತ್ರ ವಿಜಿಎಲ್‌ಐ ಸಿಗುತ್ತದೆ. ಏನೂ ಇಲ್ಲದಿದ್ದವನಿಗೆ ಏನೂ ಇಲ್ಲ.

"ಬೇಕೆನಿಸಿದಾಗ ಮತ್ತೆ ಸೇರಿಕೊಂಡರಾಯಿತು" ಎಂದು ಅವನು ಹೇಳಬಹುದು. ಸೇರಲು ಅವಕಾಶವಿದೆ, ಆದರೆ ಮೊದಲ ಸಲ ಕೇಳದ ಆರೋಗ್ಯದ ಪ್ರಶ್ನೆಗಳನ್ನು ಆಗ ಕೇಳುತ್ತಾರೆ, ಮತ್ತು ಉತ್ತರ ತೃಪ್ತಿಕರವಾಗದಿದ್ದರೆ ನಿರಾಕರಿಸಬಹುದು. ವಿಮೆ ಬೇಕೆನಿಸುವ ಗಳಿಗೆ ಬಹಳಷ್ಟು ಸಲ ಆರೋಗ್ಯ ಕೈಕೊಟ್ಟ ಗಳಿಗೆಯೇ ಆಗಿರುತ್ತದೆ ಎಂಬುದು ನನ್ನ ವೃತ್ತಿಯ ಅನುಭವ.

ಹಾಗಾದರೆ ಯಾವ ಸೈನಿಕನೂ ಇದನ್ನು ಬಿಡಲೇಬಾರದೇ ಎಂದರೆ, ಸಾಲವಿಲ್ಲದ, ಯಾರ ಸಾಲಕ್ಕೂ ಜಾಮೀನಿಲ್ಲದ, ತಂದೆತಾಯಿಗಳು ಸ್ಥಿತಿವಂತರಾಗಿರುವ ಒಂಟಿ ಯುವಕನಿಗೆ ಪೂರ್ತಿ ಐದು ಲಕ್ಷ ಡಾಲರ್ ಬೇಕಾಗದೆ ಇರಬಹುದು. ಅಂಥವನಿಗೂ ನಾನು ಹೇಳುವುದು ಮೊತ್ತ ಇಳಿಸಿಕೊಳ್ಳಲಿ, ಪೂರ್ತಿ ಬಿಡದಿರಲಿ ಎಂದೇ. 50,000 ಡಾಲರಿನ ಮೆಟ್ಟಿಲುಗಳಲ್ಲಿ ಇಳಿಸಲು ಅವಕಾಶವಿದೆ. ಎರಡೂವರೆ ಲಕ್ಷ ಡಾಲರಿಗೆ ತಿಂಗಳಿಗೆ ಹದಿಮೂರೂವರೆ ಡಾಲರ್ ಸಾಕು, ಗಾಯದ ರಕ್ಷಣೆಯೂ ಉಳಿಯುತ್ತದೆ. ನಿಮ್ಮ ಮಗನ ಸ್ಥಿತಿಯಲ್ಲಿ ಇಳಿಸುವ ಅಗತ್ಯವೂ ನನಗೆ ಕಾಣುತ್ತಿಲ್ಲ. ಮಗುವಿನ ಯೋಚನೆ ಇರುವ ದಂಪತಿಗಳು, ತೀರದ ಸಾಲ, ಊರಿನಲ್ಲಿ ವಯಸ್ಸಾಗುತ್ತಿರುವ ತಂದೆತಾಯಿ. ಇದಕ್ಕೆಲ್ಲ 26 ಡಾಲರ್ ಹೆಚ್ಚಿನ ಬೆಲೆಯಲ್ಲ.

ಈಗ ನೀವು ಕೇಳದ, ಆದರೆ ನಿಮಗೆ ಎಲ್ಲಕ್ಕಿಂತ ಮುಖ್ಯವಾದ ವಿಷಯ. ಮಗ ವಿಮೆಯನ್ನು ಉಳಿಸಿಕೊಂಡ ಮಾತ್ರಕ್ಕೆ ನಿಮ್ಮ ಸಾಲಕ್ಕೆ ರಕ್ಷಣೆ ಸಿಕ್ಕಂತಲ್ಲ. ಫಲಾನುಭವಿಯ ಹೆಸರನ್ನು ಬರೆಯದೆ ಬಿಟ್ಟರೆ ಕಾನೂನಿನ ಕ್ರಮದಲ್ಲಿ ಹಣ ಹೋಗುತ್ತದೆ: ಮೊದಲು ಹೆಂಡತಿ, ಹೆಂಡತಿ ಇಲ್ಲದಿದ್ದರೆ ಮಕ್ಕಳು, ಅವರೂ ಇಲ್ಲದಿದ್ದರೆ ತಂದೆತಾಯಿ. ಮದುವೆಯಾದವನ ವಿಮೆಯಲ್ಲಿ, ಅವನು ಬೇರೆ ಬರೆಯದಿದ್ದರೆ, ನಿಮಗೆ ಒಂದು ಡಾಲರೂ ಬರುವುದಿಲ್ಲ. ಸೊಸೆ ಒಳ್ಳೆಯವಳಾಗಿರಬಹುದು, ಆಗಿದ್ದಾಳೆಂದೇ ನಂಬೋಣ. ಆದರೆ ದುಃಖದ ನಡುವೆ ಸಾವಿರಾರು ಮೈಲಿ ದೂರದ ಬ್ಯಾಂಕಿನ ಸಾಲವನ್ನು ತೀರಿಸುವ ಹೊಣೆಯನ್ನು ಕೇವಲ ಅವಳ ಒಳ್ಳೆಯತನದ ಮೇಲೆ ಹೊರಿಸುವುದು ಅವಳಿಗೂ ನ್ಯಾಯವಲ್ಲ. ಎಸ್‌ಜಿಎಲ್‌ಐನಲ್ಲಿ ಯಾರನ್ನು ಬೇಕಾದರೂ, ಎಷ್ಟು ಮಂದಿಯನ್ನಾದರೂ, ಇಂತಿಷ್ಟು ಪಾಲು ಎಂದು ನಮೂದಿಸಬಹುದು. ಹೆಂಡತಿಗೆ ಎಂಬತ್ತು ಪಾಲು, ನಿಮಗೂ ನಿಮ್ಮ ಪತ್ನಿಗೂ ತಲಾ ಹತ್ತು ಪಾಲು ಎಂದು ಬರೆದರೂ ನಿಮ್ಮಿಬ್ಬರ ಪಾಲು ಒಂದು ಲಕ್ಷ ಡಾಲರ್. ಇಂದಿನ ಸಾಲದ ಐದಾರು ಪಟ್ಟು. ಮದುವೆಯಾದ ಸೈನಿಕನು ಹೆಂಡತಿಯ ಪಾಲನ್ನು ಕಡಿಮೆ ಮಾಡಿ ಬೇರೆಯವರ ಹೆಸರು ಬರೆದಾಗ ಅಥವಾ ವಿಮೆಯನ್ನೇ ಬಿಟ್ಟಾಗ ಆಕೆಗೆ ಸೇನೆಯಿಂದ ತಿಳಿವಳಿಕೆ ಪತ್ರ ಹೋಗುತ್ತದೆ. ಆದ್ದರಿಂದ ಇದು ನಿಮ್ಮ ಮತ್ತು ಮಗನ ನಡುವಿನ ಗುಟ್ಟಾಗಿ ಉಳಿಯಲಾರದು, ಉಳಿಯಲೂ ಬಾರದು. ಸೊಸೆಯನ್ನೂ ಕೂರಿಸಿಕೊಂಡು ಮಾತಾಡಿ.

ಉಯಿಲಿನಲ್ಲಿ ಬರೆದರೆ ಸಾಲದೇ ಎಂದು ಕೆಲವರು ಕೇಳುತ್ತಾರೆ. ಸಾಲದು. 1981ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ರಿಡ್ಜ್‌ವೇ ಪ್ರಕರಣದಲ್ಲಿ ಇದೇ ವಿಮೆಯ ಕುರಿತು ತೀರ್ಪು ಕೊಟ್ಟಿತು. ಮೊದಲ ಮದುವೆಯ ಮಕ್ಕಳಿಗಾಗಿ ವಿಮೆ ಉಳಿಸಬೇಕೆಂದು ವಿಚ್ಛೇದನದ ನ್ಯಾಯಾಲಯ ಆದೇಶಿಸಿದ್ದರೂ, ಸೈನಿಕನು ಆ ಬಳಿಕ ಮರುಮದುವೆಯಾಗಿ ಕಾನೂನಿನ ಕ್ರಮದಂತೆ ಹಣ ಸಲ್ಲಲಿ ಎಂದು ದಾಖಲಿಸಿದ್ದರಿಂದ, ಹಣ ಎರಡನೆಯ ಪತ್ನಿಗೆ ಹೋಯಿತು. ವಿಮೆಯ ದಾಖಲೆಯಲ್ಲಿ ಯಾವ ಹೆಸರಿದೆಯೋ ಅದೇ ಅಂತಿಮ. ವಿಮೆಗೆ ಹೊರತಾಗಿ, ಸೇವೆಯಲ್ಲಿದ್ದು ಮಡಿದ ಸೈನಿಕನ ಕುಟುಂಬಕ್ಕೆ ಸರ್ಕಾರ ಕೊಡುವ 1,00,000 ಡಾಲರಿನ ಮರಣೋತ್ತರ ಪರಿಹಾರವೂ ಇದೆ. ವಿಮೆ ಬಿಟ್ಟವರಿಗೂ ಅದು ಸಲ್ಲುತ್ತದೆ. ಅದಕ್ಕೆ ಡಿಡಿ 93 ಎಂಬ ಬೇರೆಯೇ ನಮೂನೆಯಲ್ಲಿ ಹೆಸರು ಬರೆಯಬೇಕು, ಹತ್ತು ಹತ್ತು ಶೇಕಡಾ ಪಾಲುಗಳಲ್ಲಿ ಹಂಚಬಹುದು. ವಿಮೆಯಲ್ಲಿ ಬರೆದ ಹೆಸರು ಇಲ್ಲಿಗೆ ತಾನಾಗಿ ಬರುವುದಿಲ್ಲ.

ಕೊನೆಯದಾಗಿ ನಿಮ್ಮ ಪತ್ನಿಯ ಕುರಿತು. "ಬಿಡ್ತು ಅನ್ನು" ಎಂದು ಎದ್ದು ಹೋದದ್ದರಲ್ಲಿ ತಪ್ಪಿಲ್ಲ. ಒಬ್ಬನೇ ಮಗ, ಅದೂ ಹೇಳದೆ ಕೇಳದೆ ಪರದೇಶದ ಸೇನೆ ಸೇರಿದ ಮಗನ ಸಾವಿನ ಲೆಕ್ಕವನ್ನು ಸಂಜೆಯ ಹೊತ್ತು ದೀಪದ ಎದುರು ಕೇಳಿಸಿಕೊಳ್ಳುವುದು ಯಾವ ತಾಯಿಗೂ ಆಗದು. ಅವರ ಮುಂದೆ ಸಾವಿನ ಮೊತ್ತದಿಂದ ಮಾತು ಶುರುಮಾಡಬೇಡಿ. ಗಾಯವಾದರೆ ಮಗನ ಕೈಗೇ ಬರುವ ಹಣದಿಂದ, ಸೊಸೆಗೂ ಮುಂದೆ ಮೊಮ್ಮಗುವಿಗೂ ಇರುವ ರಕ್ಷಣೆಯಿಂದ ಶುರುಮಾಡಿ.

ಪ್ರಶ್ನೆ: ಕಾರವಾರ ತಾಲ್ಲೂಕಿನ ನಮ್ಮ ಕುಟುಂಬದಲ್ಲಿ ಅಣ್ಣತಮ್ಮಂದಿರ ಮಕ್ಕಳಿಬ್ಬರು ನೌಕಾಪಡೆಯಲ್ಲಿದ್ದಾರೆ. ದೊಡ್ಡವನು ಅಗ್ನಿಪಥ ಬರುವ ಮೊದಲೇ ಸೇರಿದ ಕಾಯಂ ನಾವಿಕ. ಗುಂಪು ವಿಮೆಗೆಂದು ಪ್ರತಿ ತಿಂಗಳೂ ಸಂಬಳದಲ್ಲಿ ಕಡಿತವಾಗುತ್ತದೆ. ಮನೆ ಕಟ್ಟುತ್ತಿರುವುದರಿಂದ ಅದನ್ನು ನಿಲ್ಲಿಸಬಹುದೇ ಎಂದು ಕೇಳುತ್ತಿದ್ದಾನೆ. ಚಿಕ್ಕವನು, ನನ್ನ ತಮ್ಮ, 2023ರಲ್ಲಿ ಸೇರಿದ ಅಗ್ನಿವೀರ. ಅವನ ಸಂಬಳದಲ್ಲಿ ವಿಮೆಯ ಕಡಿತವೇ ಇಲ್ಲ. ಪರಿಚಯದ ಏಜೆಂಟರೊಬ್ಬರು "ಅಗ್ನಿವೀರರಿಗೆ ವಿಮೆಯೇ ಇಲ್ಲ" ಎಂದು ಮೀನು ಮಾರುವ ನಮ್ಮ ತಾಯಿಗೆ ಹೆದರಿಸಿ, ವರ್ಷಕ್ಕೆ ನಲವತ್ತು ಸಾವಿರದ ಎಂಡೋಮೆಂಟ್ ಪಾಲಿಸಿ (ಉಳಿತಾಯವೂ ಸೇರಿದ ವಿಮೆ) ಮಾಡಿಸಲು ಒತ್ತಾಯಿಸುತ್ತಿದ್ದಾರೆ. ನಿಜ ಏನು?
– ಒಬ್ಬ ಅಕ್ಕ, ಅಮದಳ್ಳಿ

ಉತ್ತರ: 2005ರ ಮೇ ತಿಂಗಳಲ್ಲಿ ಕದಂಬ ನೌಕಾನೆಲೆ ಕಾರ್ಯಾರಂಭ ಮಾಡಿದ ಮೇಲೆ ನಿಮ್ಮ ಕಡೆಯ ಹಳ್ಳಿಗಳಲ್ಲಿ ಬಿಳಿ ಸಮವಸ್ತ್ರ ನೋಡುವುದು ಸಾಮಾನ್ಯವಾಗಿದೆ, ಆದರೆ ಅದರ ಹಿಂದಿನ ಹಣಕಾಸಿನ ನಿಯಮಗಳು ಮನೆಮಂದಿಗೆ ಇನ್ನೂ ತಲುಪಿಲ್ಲ. ನಿಮ್ಮ ಪತ್ರ ಓದಿ ನನಗೆ ಹಾಗನ್ನಿಸಿತು.

ದೊಡ್ಡವನಿಗೆ ಉತ್ತರ ಚಿಕ್ಕದು. ಭಾರತದ ಭೂಸೇನೆ, ನೌಕಾಪಡೆ, ವಾಯುಪಡೆ ಮೂರರಲ್ಲಿಯೂ ಸೇವೆಯಲ್ಲಿರುವವರಿಗೆ ಗುಂಪು ವಿಮೆ ಕಡ್ಡಾಯ. ಬೇಡವೆನ್ನುವ ಆಯ್ಕೆಯೇ ಇಲ್ಲ. ಕಡಿತವಾದ ಹಣವೆಲ್ಲ ವಿಮೆಗೇ ಹೋಗುವುದೂ ಇಲ್ಲ. ಅದರ ಒಂದು ಭಾಗ ಅವನ ಹೆಸರಿನಲ್ಲಿ ಉಳಿತಾಯವಾಗಿ ಬೆಳೆದು, ಸೇವೆ ಮುಗಿಸಿ ಬರುವಾಗ ಒಟ್ಟಾಗಿ ಕೈಗೆ ಬರುತ್ತದೆ. ಮನೆಯ ಖರ್ಚಿಗೆ ಕೈ ಹಾಕಬಾರದ ಜಾಗವಿದು.

ನಿಮ್ಮ ತಮ್ಮನ ವಿಷಯದಲ್ಲಿ ಏಜೆಂಟರು ಹೇಳಿದ್ದು ಸುಳ್ಳು. 2022ರ ಜೂನ್ 14ರಂದು ಅಗ್ನಿಪಥ ಯೋಜನೆ ಪ್ರಕಟವಾದಾಗಲೇ, ನಾಲ್ಕು ವರ್ಷದ ಸೇವಾವಧಿಗೆ ಪ್ರತಿ ಅಗ್ನಿವೀರನಿಗೂ 48 ಲಕ್ಷ ರೂಪಾಯಿಯ ಜೀವವಿಮೆ ಘೋಷಿಸಲಾಗಿದೆ. ಅವನ ಕಡೆಯಿಂದ ಒಂದು ರೂಪಾಯಿಯ ಕಂತೂ ಬೇಕಿಲ್ಲ. ಸಂಬಳದ ಚೀಟಿಯಲ್ಲಿ ಕಡಿತ ಕಾಣದಿರುವುದು ಅದಕ್ಕೇ. ಸೇವೆಯ ಕಾರಣದಿಂದಲೇ ಸಾವು ಸಂಭವಿಸಿದರೆ ಇದಲ್ಲದೆ 44 ಲಕ್ಷ ರೂಪಾಯಿಯ ಪರಿಹಾರವಿದೆ. ಅಂಗವೈಕಲ್ಯ ಉಂಟಾದರೆ ಅದರ ಪ್ರಮಾಣ ನೋಡಿ 44, 25 ಅಥವಾ 15 ಲಕ್ಷ ಸಿಗುತ್ತದೆ. ನಿಮ್ಮ ತಾಯಿಯವರಿಗೆ ಈ ಅಂಕಿಗಳನ್ನು ಇಂದೇ ಓದಿ ಹೇಳಿ. ಗಂಡನನ್ನೋ ಮಗನನ್ನೋ ಕಡಲಿಗೆ ಕಳುಹಿಸಿ ದಡದಲ್ಲಿ ಕಾಯುವ ಹೆಣ್ಣುಮಕ್ಕಳ ಭಯವನ್ನು ಬಂಡವಾಳ ಮಾಡಿಕೊಂಡು ಪಾಲಿಸಿ ಮಾರುವುದನ್ನು ನಾನು ಕ್ಷಮಿಸಲಾರೆ.

ಆದರೆ ಒಂದು ನಿಜವಾದ ಕೊರತೆ ಇದೆ, ಮತ್ತು ನೀವು ತಯಾರಾಗಬೇಕಾದದ್ದು ಅದಕ್ಕೆ. ಆ 48 ಲಕ್ಷದ ರಕ್ಷಣೆ ನಾಲ್ಕು ವರ್ಷದ ಸೇವಾವಧಿಗೆ ಮಾತ್ರ. ಕಾಯಂ ಸೇವೆಗೆ ಆಯ್ಕೆಯಾಗುವುದು ಗರಿಷ್ಠ ಶೇಕಡಾ 25ರಷ್ಟು ಮಂದಿ. 2027ರಲ್ಲಿ ಅವನು ಮನೆಗೆ ಮರಳಿದರೆ ಕೈಯಲ್ಲಿ ಸೇವಾನಿಧಿ ಇರುತ್ತದೆ: ಅವನ ಸಂಬಳದ ಶೇಕಡಾ 30ರ ಕಡಿತ ನಾಲ್ಕು ವರ್ಷಕ್ಕೆ 5.02 ಲಕ್ಷ, ಸರ್ಕಾರದ್ದೂ ಅಷ್ಟೇ, ಮೇಲೆ ಬಡ್ಡಿ. ಪಿಂಚಣಿ ಇಲ್ಲ, ವಿಮೆಯೂ ಅಂದಿಗೆ ಮುಗಿದಿರುತ್ತದೆ. ಆದ್ದರಿಂದ ಬಿಡುಗಡೆಗೆ ಕೆಲವು ತಿಂಗಳು ಇರುವಾಗಲೇ, ವಯಸ್ಸೂ ಆರೋಗ್ಯವೂ ಅನುಕೂಲವಾಗಿರುವಾಗ, ಒಂದು ಸಾದಾ ಟರ್ಮ್ ಪಾಲಿಸಿ ಮಾಡಿಸಲಿ. ಅರ್ಜಿಯಲ್ಲಿ ತಾನು ನೌಕಾಪಡೆಯಲ್ಲಿರುವುದನ್ನು ಮರೆಮಾಚದೆ ಬರೆಯಲಿ. ಇಪ್ಪತ್ತರ ಹರೆಯದ ಹುಡುಗನಿಗೆ ನಲವತ್ತು ಸಾವಿರದ ಎಂಡೋಮೆಂಟ್ ಕಂತಿನಲ್ಲಿ ಸಿಗುವ ರಕ್ಷಣೆಗಿಂತ ಹಲವು ಪಟ್ಟು ಹೆಚ್ಚಿನ ರಕ್ಷಣೆ, ಅದರ ಸಣ್ಣದೊಂದು ಅಂಶದಲ್ಲಿ ದೊರೆಯುತ್ತದೆ. ಈ ನಡುವೆ ಬ್ಯಾಂಕ್ ಖಾತೆಯ ಮೂಲಕ ವರ್ಷಕ್ಕೆ 436 ರೂಪಾಯಿಯ ಪ್ರಧಾನಮಂತ್ರಿ ಜೀವನಜ್ಯೋತಿ ವಿಮೆಯನ್ನು ಮನೆಯ ಎಲ್ಲ ದುಡಿಯುವವರೂ ಮಾಡಿಸಿಕೊಳ್ಳಬಹುದು. 18ರಿಂದ 50 ವರ್ಷದೊಳಗಿನವರು ಸೇರಬಹುದು, ರಕ್ಷಣೆ 2 ಲಕ್ಷ. ತಾಯಿಯವರ ವಯಸ್ಸು ಆ ಮಿತಿಯಲ್ಲಿದ್ದರೆ ಅವರಿಗೇ ಮೊದಲು ಮಾಡಿಸಿ. ಬೆಳಗಿನ ಜಾವ ಬುಟ್ಟಿ ಹೊತ್ತು ಮಾರುಕಟ್ಟೆಗೆ ಹೋಗುವ ಅವರ ದುಡಿಮೆಯನ್ನು ಯಾರೂ ವಿಮೆಯ ಲೆಕ್ಕಕ್ಕೆ ಹಿಡಿಯುವುದೇ ಇಲ್ಲ.

ಪ್ರಶ್ನೆ: ನಾನು ಕಾರವಾರದ ನೌಕಾನೆಲೆಯ ದುರಸ್ತಿ ಯಾರ್ಡಿನಲ್ಲಿ ಗ್ರೂಪ್ ಸಿ ನಾಗರಿಕ ನೌಕರ. ಗುಂಪು ವಿಮೆಗೆಂದು ತಿಂಗಳಿಗೆ 30 ರೂಪಾಯಿ ಹಿಡಿಯುತ್ತಾರೆ. ಇದರಿಂದ ಹೊರಬರಬಹುದೇ?
– ಒಬ್ಬ ನೌಕರ, ಬಿಣಗಾ

ಉತ್ತರ: ಬರಲಾಗದು. ನಿಮಗೆ ಅನ್ವಯಿಸುವುದು ಸೈನಿಕರ ಗುಂಪು ವಿಮೆಯಲ್ಲ, 1980ರ ಕೇಂದ್ರ ಸರ್ಕಾರಿ ನೌಕರರ ಗುಂಪು ವಿಮಾ ಯೋಜನೆ. 1982ರ ಜನವರಿ 1ರಂದು ಜಾರಿಗೆ ಬಂದ ಆ ಯೋಜನೆ ಹೊಸದಾಗಿ ಸೇರುವವರಿಗೆಲ್ಲ ಕಡ್ಡಾಯ. 30 ರೂಪಾಯಿಯಲ್ಲಿ ಒಂದು ಭಾಗ ಉಳಿತಾಯವಾಗಿ ನಿವೃತ್ತಿಯಲ್ಲಿ ಮರಳುತ್ತದೆ. ನೀವು ಯೋಚಿಸಬೇಕಾದದ್ದು ಹೊರಬರುವುದನ್ನಲ್ಲ, ಆ 30 ರೂಪಾಯಿಗೆ ದೊರೆಯುವ ರಕ್ಷಣೆ ಕೇವಲ 30,000 ರೂಪಾಯಿ ಎಂಬುದನ್ನು. ಸಂಬಳದ ಚೀಟಿಯಲ್ಲಿ ವಿಮೆ ಎಂಬ ಪದ ಕಂಡ ಕಾರಣಕ್ಕೆ ಮನೆಯಲ್ಲಿ ಎಲ್ಲರೂ ನಿಶ್ಚಿಂತೆಯಿಂದಿದ್ದರೆ ಅವರಿಗೆ ಈ ಅಂಕಿಯನ್ನು ತಿಳಿಸಿ, ವರ್ಷದ ಸಂಬಳದ ಹತ್ತು ಪಟ್ಟಿಗಾದರೂ ಪ್ರತ್ಯೇಕ ಟರ್ಮ್ ಪಾಲಿಸಿ ಮಾಡಿಸಿ. ಕಚೇರಿಯ ಸೇವಾ ಪುಸ್ತಕದಲ್ಲಿ ಈ ಯೋಜನೆಯ ನಾಮನಿರ್ದೇಶನ ಯಾರ ಹೆಸರಿನಲ್ಲಿದೆ ಎಂಬುದನ್ನೂ ಅದೇ ದಿನ ನೋಡಿಕೊಂಡು ಬನ್ನಿ. ಮದುವೆಗೆ ಮುಂಚೆ ಬರೆದದ್ದಾಗಿದ್ದರೆ ಹೊಸ ನಮೂನೆ ತುಂಬಿಕೊಡಬೇಕು.